ಕಟ್ಟಿದವನ ಹಣ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಅದು ಮನೆಯ ಯಜಮಾನನು ನಿಟ್ಟುಸಿರಿನೊಡನೆ ಆಡಿದ ಮಾತು. ಇಟ್ಟಿಗೆಯ ಬೆಲೆ ಏರಿದುದು, ಮೇಸ್ತ್ರಿಯು ಹೇಳಿದ ದಿನಕ್ಕೆ ಬಾರದೆ ಹೋದುದು, ಅಂದಾಜುಪಟ್ಟಿಯನ್ನು ಮೀರಿ ಖರ್ಚು ಬೆಳೆದುದು, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಆದರೆ ಕಟ್ಟಿಸಿದವನ ಕಷ್ಟಕ್ಕೆ ಇಷ್ಟು ಹೆಸರಾದ ಗಾದೆಯಿರುವಲ್ಲಿ, ಕಟ್ಟಿದವನ ಕಷ್ಟವನ್ನು ಹೇಳುವ ಮಾತೊಂದು ನಮ್ಮ ನೆನಪಿಗೆ ಸುಲಭವಾಗಿ ಬರುವುದಿಲ್ಲ. ಅವನು ತನ್ನ ಸಂಕಟವನ್ನು ಗಾದೆಯಲ್ಲಿ ಹೇಳಿಕೊಂಡಂತೆ ಕಾಣುವುದಿಲ್ಲ, ನ್ಯಾಯಸ್ಥಾನದಲ್ಲಿ ಹೇಳಿಕೊಂಡಿದ್ದಾನೆ. ಆ ಮೊಕದ್ದಮೆಗಳ ಚರಿತ್ರೆಯನ್ನು ಸಂಗ್ರಹವಾಗಿ ನೋಡುವುದೇ ನಮ್ಮ ಈ ಭಾಷಣದ ಉದ್ದೇಶ.

ಈ ವ್ಯಾಜ್ಯಗಳಿಗೆ ಬೇರೆ ವ್ಯಾಪಾರಗಳ ವ್ಯಾಜ್ಯಗಳಿಗಿಲ್ಲದ ಒಂದು ವಿಶೇಷವುಂಟು. ಅಕ್ಕಿಯ ವರ್ತಕನಿಗೆ ಹಣ ಬಾರದಿದ್ದರೆ, ಚೀಲವಾದರೂ ಹಿಂದಕ್ಕೆ ಬರಬಹುದೆಂಬ ಆಸೆಯಿರುತ್ತದೆ. ಗೋಡೆ ಕಟ್ಟಿದವನಿಗೆ ಆ ಆಸೆಯೂ ಇಲ್ಲ. ಅವನ ಇಟ್ಟಿಗೆ, ಗಾರೆ, ಆಳುಗಳ ಬೆವರು, ಎಲ್ಲವೂ ಇನ್ನೊಬ್ಬರ ನೆಲದಲ್ಲಿ ಬೇರೂರಿ ನಿಂತುಬಿಡುತ್ತವೆ. ಹೀಗಿರುವಲ್ಲಿ ಕೆಲಸವು ಅರ್ಧಕ್ಕೆ ನಿಂತರೆ, ಅಥವಾ ಪೂರ್ತಿಯಾದರೂ ಕಾಗದಪತ್ರಗಳಲ್ಲಿ ದೋಷ ಕಂಡುಬಂದರೆ, ನೆಲದ ಮೇಲೆ ನಿಂತಿರುವ ಆ ಗೋಡೆಗೆ ಬೆಲೆಯುಂಟೆ, ಇಲ್ಲವೆ? ಬಗೆಬಗೆಯ ರೂಪಗಳಲ್ಲಿ ನ್ಯಾಯಾಧೀಶರ ಮುಂದೆ ಬಂದು ನಿಂತಿರುವ ಪ್ರಶ್ನೆ ಇದೊಂದೇ.

ಬಹು ಪ್ರಾಚೀನವಾದ ಉತ್ತರವೊಂದನ್ನು ಬ್ಯಾಬಿಲೋನಿನ ದೊರೆ ಹಮ್ಮುರಾಬಿಯು ಕ್ರಿ. ಪೂ. 18ನೆಯ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದನು. ಆ ಕಂಬ ಈಗ ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರ 228ನೆಯ ವಿಧಿಯಂತೆ, ಮನೆಯನ್ನು ಕಟ್ಟಿ ಮುಗಿಸಿದ ಶಿಲ್ಪಿಗೆ ಒಂದು ‘ಸಾರ್’ ವಿಸ್ತಾರಕ್ಕೆ 2 ಷೆಕೆಲ್ ಬೆಳ್ಳಿ ಸಲ್ಲಬೇಕು. ಮನೆ ಕುಸಿದು ಯಜಮಾನನು ಸತ್ತರೆ ಶಿಲ್ಪಿಗೆ ಮರಣದಂಡನೆ. ಗೋಡೆ ಓಲಿದರೆ ಶಿಲ್ಪಿಯು ತನ್ನ ಸ್ವಂತ ಬೆಳ್ಳಿಯಿಂದಲೇ ಅದನ್ನು ಭದ್ರಪಡಿಸಿಕೊಡಬೇಕು. ಕೂಲಿಯ ದರ ಸ್ಪಷ್ಟ, ಹೊಣೆ ಅದಕ್ಕಿಂತಲೂ ಸ್ಪಷ್ಟ. ಆದರೆ ಕೆಲಸವು ಅರ್ಧಕ್ಕೆ ನಿಂತರೆ ಏನು ಗತಿಯೆಂಬುದನ್ನು ಶಿಲ್ಪಿಗಳಿಗೆ ಸಂಬಂಧಿಸಿದ ಆ ವಿಧಿಗಳು ಹೇಳುವುದಿಲ್ಲ.

ಅದನ್ನು ವಿಚಾರಿಸಿದ ಗ್ರಂಥವೊಂದು ನಮ್ಮ ದೇಶದ್ದೇ. ಕೌಟಿಲ್ಯನ ಅರ್ಥಶಾಸ್ತ್ರವನ್ನು ವಿದ್ವಾನ್ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದಲೇ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರೆಂಬುದು ಕೇಳುತ್ತಿರುವ ಮಹನೀಯರಲ್ಲಿ ಅನೇಕರಿಗೆ ತಿಳಿದ ಸಂಗತಿ. ಅದರ ಮೂರನೆಯ ಅಧಿಕರಣದಲ್ಲಿ ಕೂಲಿಯವರ ವಿಷಯವಾಗಿ ಒಂದು ಚರ್ಚೆಯುಂಟು. ಕೆಲಸ ಮಾಡಿಸದ ಯಜಮಾನನಿಗೂ ಕೆಲಸ ಮಾಡದ ಆಳಿಗೂ ಅಲ್ಲಿ ದಂಡ ಒಂದೇ: 12 ಪಣ. ಆಳು ಬಂದು ನಿಂತಿದ್ದು ಯಜಮಾನನು ಕೆಲಸ ಕೊಡದೆ ಹೋದರೆ, ಕೆಲಸ ಆಯಿತೆಂದೇ ತಿಳಿಯಬೇಕೆಂದು ಹಿಂದಿನ ಆಚಾರ್ಯರು ಹೇಳಿದರಂತೆ. ಕೌಟಿಲ್ಯನು ಇದನ್ನು ಒಪ್ಪಲಿಲ್ಲ. ಕೂಲಿಯೆಂಬುದು ಮಾಡಿದ ಕೆಲಸಕ್ಕೆ, ಮಾಡದ ಕೆಲಸಕ್ಕಲ್ಲ ಎಂಬುದು ಅವನ ಮತ. ಆದರೆ ಸ್ವಲ್ಪ ಕೆಲಸವನ್ನಾದರೂ ಮಾಡಿಸಿಕೊಂಡು ಆಮೇಲೆ ಯಜಮಾನನೇ ತಡೆದರೆ, ಪೂರ್ತಿ ಕೆಲಸವಾದಂತೆಯೇ ಲೆಕ್ಕ. ಈ ಎರಡು ಮಾತುಗಳನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ; ಮುಂದೆ ಇವು ಬೇರೆ ವೇಷದಲ್ಲಿ ಮತ್ತೆ ಬರುತ್ತವೆ.

ನಮ್ಮ ಈಗಿನ ಕರಾರು ಕಾನೂನು ಬೆಳೆದುಬಂದುದು ಇಂಗ್ಲೆಂಡಿನ ನ್ಯಾಯಪದ್ಧತಿಯ ನೆರಳಿನಲ್ಲಿ. ಅಲ್ಲಿನ ಹಳೆಯ ನಿಯಮ ಬಹು ಕಠಿನವಾದುದು: ಇಡೀ ಕೆಲಸಕ್ಕೆ ಇಡೀ ಹಣ, ಕೆಲಸ ಪೂರ್ತಿಯಾಗದಿದ್ದರೆ ಹಣವೇ ಇಲ್ಲ. ಇದು ನೆಲೆಗೊಂಡ ಮೊಕದ್ದಮೆ ಕಟ್ಟಡದ್ದಲ್ಲ, ಹಡಗಿನದು. 1793ರಲ್ಲಿ ಕಟ್ಟರ್ ಎಂಬ ನಾವಿಕನು ಜಮೈಕಾದಿಂದ ಲಿವರ್‌ಪೂಲಿನವರೆಗೆ 30 ಗಿನಿಗಳ ಸಂಬಳಕ್ಕೆ ಒಪ್ಪಿ ಹಡಗು ಹತ್ತಿದನು. ಆಗಸ್ಟ್ 2ರಂದು ಹಡಗು ಹೊರಟಿತು. ಸೆಪ್ಟೆಂಬರ್ 20ರಂದು ನಡುಗಡಲಿನಲ್ಲಿ ಅವನು ತೀರಿಕೊಂಡನು. ಅಕ್ಟೋಬರ್ 9ರಂದು ಹಡಗು ರೇವು ಸೇರಿತು. ಏಳು ವಾರಗಳ ದುಡಿಮೆಯ ಹಣವನ್ನಾದರೂ ಕೊಡಿಸಬೇಕೆಂದು ಅವನ ವಿಧವೆ ಬೇಡಿದಳು. 1795ರಲ್ಲಿ ನ್ಯಾಯಾಧೀಶರು ಕೊಟ್ಟ ಉತ್ತರ, ಒಂದು ಕಾಸೂ ಸಲ್ಲದು ಎಂಬುದು. ಪ್ರಯಾಣ ಮುಗಿಸಿದರೆ ಹಣವೆಂದು ಕರಾರು, ಪ್ರಯಾಣ ಮುಗಿಯಲಿಲ್ಲ. ರೂಢಿಯ ತಿಂಗಳ ಸಂಬಳಕ್ಕಿಂತ ಬಹು ಹೆಚ್ಚಾದ ಹಣಕ್ಕೆ ಅವನು ಒಪ್ಪಿದ್ದುದೂ ಅವಳಿಗೆ ಪ್ರತಿಕೂಲವೇ ಆಯಿತು: ಹೆಚ್ಚಿನ ಲಾಭಕ್ಕಾಗಿ ಅವನು ಅಪಾಯವನ್ನೂ ಒಪ್ಪಿಕೊಂಡನೆಂದು ನ್ಯಾಯಸ್ಥಾನ ಭಾವಿಸಿತು.

ಈ ನಿಯಮವು ಕಡಲಿನಿಂದ ನೆಲಕ್ಕೆ ಇಳಿದಾಗ ಏನಾಯಿತೆಂಬುದನ್ನು 1898ರ ಸಂಪ್ಟರ್ ಮತ್ತು ಹೆಜಸ್ ಮೊಕದ್ದಮೆ ತೋರಿಸುತ್ತದೆ. ಸಂಪ್ಟರ್ ಎಂಬ ಕಟ್ಟಡಗಾರನು ಹೆಜಸ್ ಎಂಬವನ ನೆಲದಲ್ಲಿ ಎರಡು ಮನೆಗಳನ್ನೂ ಕುದುರೆಲಾಯವನ್ನೂ 565 ಪೌಂಡುಗಳ ಒಟ್ಟು ಮೊತ್ತಕ್ಕೆ ಕಟ್ಟಿಕೊಡಲು ಒಪ್ಪಿದನು. ಸುಮಾರು 333 ಪೌಂಡು ಬೆಲೆಯ ಕೆಲಸ ಮಾಡಿ, ಅದರಲ್ಲಿ ಒಂದು ಭಾಗದ ಹಣ ಪಡೆದು, ಆಮೇಲೆ ಕೈಯಲ್ಲಿ ಬಂಡವಾಳವಿಲ್ಲದೆ ನಿಂತುಬಿಟ್ಟನು. ಹೆಜಸನು ಅಲ್ಲಿಯೇ ಉಳಿದಿದ್ದ ಸಾಮಾನುಗಳನ್ನು ಬಳಸಿಕೊಂಡು ಕಟ್ಟಡವನ್ನು ತಾನೇ ಪೂರೈಸಿದನು. ನ್ಯಾಯಸ್ಥಾನವು ಸಾಮಾನುಗಳ ಬೆಲೆಯನ್ನು ಸಂಪ್ಟರನಿಗೆ ಕೊಡಿಸಿತು. ಕಟ್ಟಿದ್ದ ಗೋಡೆಗಳ ಬೆಲೆಯನ್ನು ಕೊಡಿಸಲಿಲ್ಲ.

ಮೇಲುನೋಟಕ್ಕೆ ಇದು ವಿಚಿತ್ರವಾಗಿ ಕಾಣುವುದು. ರಾಶಿ ಹಾಕಿದ ಇಟ್ಟಿಗೆಗೆ ಬೆಲೆಯುಂಟು, ಗೋಡೆಯಾಗಿ ನಿಂತ ಇಟ್ಟಿಗೆಗೆ ಬೆಲೆಯಿಲ್ಲವೆಂದರೆ ಇದೆಂಥ ನ್ಯಾಯ? ಆದರೆ ನ್ಯಾಯಾಧೀಶ ಕಾಲಿನ್ಸರ ವಿವೇಚನೆಯನ್ನು ತಾಳ್ಮೆಯಿಂದ ಕೇಳಿದರೆ ಅದರಲ್ಲಿ ಒಂದು ಹುರುಳಿರುವುದು ಕಾಣುತ್ತದೆ. ರಾಶಿ ಬಿದ್ದ ಸಾಮಾನುಗಳನ್ನು ಹೆಜಸನು ಬೇಡವೆನ್ನಬಹುದಾಗಿತ್ತು, ಬೇಕೆಂದು ಬಳಸಿದನು, ಆದುದರಿಂದ ಹಣ ಕೊಡಬೇಕು. ಅರ್ಧ ಗೋಡೆಯನ್ನು ಅವನು ಬೇಡವೆನ್ನುವುದು ಹೇಗೆ? ತನ್ನ ನೆಲದ ಮೇಲೆಯೇ ಅದು ನಿಂತುಬಿಟ್ಟಿದೆ. ಹಾಳುಗೋಡೆಯನ್ನು ಹಾಗೆಯೇ ಬಿಟ್ಟುಕೊಂಡಿರಬೇಕೆಂದು ಯಾರೂ ಅವನನ್ನು ಬಲವಂತಪಡಿಸುವಂತಿಲ್ಲ. ಬೇರೆ ದಾರಿಯಿಲ್ಲದೆ ಇಟ್ಟುಕೊಂಡುದನ್ನು ಮನಸಾರ ಒಪ್ಪಿಕೊಂಡುದೆಂದು ಹೇಳಲಾಗದು. ಎಂದರೆ, ಇಂಗ್ಲಿಷ್ ನ್ಯಾಯಾಧೀಶರು ಇಲ್ಲಿ ತೂಕ ಹಾಕಿದುದು ಬೆವರನ್ನಲ್ಲ, ಯಜಮಾನನ ಆಯ್ಕೆಯನ್ನು. ಬೇಡವೆನ್ನುವ ಸ್ವಾತಂತ್ರ್ಯವಿದ್ದೂ ಸ್ವೀಕರಿಸಿದುದಕ್ಕೆ ಮಾತ್ರ ಹಣ.

ಈ ಕಠಿನ ನಿಯಮ ಯಜಮಾನನನ್ನು ನಡುದಾರಿಯಲ್ಲಿ ಕೈಬಿಡುವ ಕಟ್ಟಡಗಾರನಿಂದ ಕಾಪಾಡಿತು, ನಿಜ. ಆದರೆ ಅದೇ ನಿಯಮವನ್ನು ಹಿಡಿದು, ಒಂದು ಕಿಟಕಿಯ ಚಿಲಕ ಸರಿಯಿಲ್ಲವೆಂಬ ನೆಪದಿಂದ ಇಡೀ ಮನೆಯ ಹಣವನ್ನು ತಡೆಯುವುದಕ್ಕೂ ಅವಕಾಶವಾದೀತು. ಈ ಅನ್ಯಾಯವನ್ನು ತಪ್ಪಿಸುವುದಕ್ಕಾಗಿ ನ್ಯಾಯಾಧೀಶರು ಒಂದು ಕಿರುಬಾಗಿಲನ್ನು ತೆರೆದಿಟ್ಟರು. 1916ರ ಡೇಕಿನ್ ಮತ್ತು ಲೀ ಮೊಕದ್ದಮೆಯಲ್ಲಿ ಮನೆಯೊಂದರ ರಿಪೇರಿ ಮುಗಿದಿತ್ತು; ಕಾಂಕ್ರೀಟಿನ ದಪ್ಪ, ಕಂಬಗಳ ಗಾತ್ರ, ತೊಲೆಗಳ ಜೋಡಣೆ, ಈ ಮೂರರಲ್ಲಿ ಮಾತ್ರ ಕರಾರಿಗೆ ತಪ್ಪಿದ ಕೆಲಸವಿತ್ತು. ಕೆಲಸವು ಮುಖ್ಯವಾಗಿ ಪೂರ್ತಿಯಾಗಿದ್ದರೆ ಹಣ ಸಲ್ಲತಕ್ಕದ್ದು, ಕೊರತೆಗಳನ್ನು ಸರಿಪಡಿಸುವ ಖರ್ಚನ್ನು ಅದರಿಂದ ಕಳೆಯಬಹುದು, ಎಂಬ ತೀರ್ಪು ಬಂದಿತು. 1952ರ ಹೊನಿಗ್ ಮತ್ತು ಐಸಾಕ್ಸ್ ಮೊಕದ್ದಮೆಯಲ್ಲಿ 750 ಪೌಂಡುಗಳ ಕೆಲಸಕ್ಕೆ ಸುಮಾರು 55 ಪೌಂಡುಗಳ ಕೊರತೆಯಿದ್ದಿತು, ಕೆಲಸಗಾರನು ಗೆದ್ದನು. ಆದರೆ 1972ರ ಬೋಲ್ಟನ್ ಮತ್ತು ಮಹಾದೇವ ಮೊಕದ್ದಮೆಯಲ್ಲಿ, ಮನೆಯನ್ನು ಬೆಚ್ಚಗಿಡುವ ಯಂತ್ರವನ್ನು 560 ಪೌಂಡುಗಳಿಗೆ ಕೂರಿಸಿದವನ ಕೆಲಸದಲ್ಲಿ 174 ಪೌಂಡುಗಳ ದೋಷವಿದ್ದಿತು. ಮನೆ ಸಾಕಷ್ಟು ಬೆಚ್ಚಗಾಗಲಿಲ್ಲ. ಅವನಿಗೆ ಏನೂ ದಕ್ಕಲಿಲ್ಲ. ಇವೆರಡರ ನಡುವಿನ ಗೆರೆ ಎಲ್ಲಿ ಬೀಳುವುದೆಂಬುದು ಆಯಾ ಕೆಲಸವನ್ನು ನೋಡಿಯೇ ಹೇಳಬೇಕಾದ ಮಾತು.

ನ್ಯಾಯಸ್ಥಾನಗಳು ಹೀಗೆ ತೂಗುತ್ತಿರುವಾಗ ವ್ಯವಹಾರಸ್ಥರು ತಮ್ಮದೇ ಆದ ಉಪಾಯವನ್ನು ಕಂಡುಕೊಂಡರು. ಅದು ಕಂತುಗಳ ಪದ್ಧತಿ. ತಳಪಾಯಕ್ಕೆ ಇಷ್ಟು, ಗೋಡೆ ಎದ್ದಾಗ ಇಷ್ಟು, ಛಾವಣಿಯಾದಾಗ ಇಷ್ಟು ಎಂದು ಹಣವನ್ನು ಹಂಚಿದರೆ, ಪ್ರತಿಯೊಂದು ಹಂತವೂ ಒಂದು ಚಿಕ್ಕ ಕರಾರಿನಂತಾಗಿ, ಅರ್ಧಕ್ಕೆ ನಿಂತ ಕೆಲಸದ ಜಗಳ ಬಹುಮಟ್ಟಿಗೆ ಇಲ್ಲವಾಗುತ್ತದೆ. ನಮ್ಮ ಲೋಕೋಪಯೋಗಿ ಇಲಾಖೆಯ ಕೆಲಸಗಳಲ್ಲಿ ಎಂಜಿನಿಯರು ಸ್ಥಳಕ್ಕೆ ಹೋಗಿ ಅಳೆದು, ಉದ್ದ ಅಗಲ ಎತ್ತರಗಳನ್ನು ಅಳತೆ ಪುಸ್ತಕದಲ್ಲಿ ಬರೆದು, ಅದರ ಮೇಲೆ ಬಿಲ್ಲು ತಯಾರಾಗುವ ಪದ್ಧತಿಯನ್ನು ಕಂಡವರುಂಟು. ಪ್ರತಿ ಬಿಲ್ಲಿನಿಂದ ನೂರಕ್ಕೆ ಐದೋ ಹತ್ತೋ ರೂಪಾಯಿಗಳನ್ನು ಹಿಡಿದಿಟ್ಟುಕೊಂಡು, ಕಟ್ಟಡ ಒಂದು ಮಳೆಗಾಲವನ್ನೋ ಗೊತ್ತಾದ ಅವಧಿಯನ್ನೋ ತಾಳಿದ ಮೇಲೆ ಹಿಂದಕ್ಕೆ ಕೊಡುವುದೂ ಉಂಟು. ಕೂಲಿಯು ಮಾಡಿದ ಕೆಲಸಕ್ಕೆ ಎಂಬ ಕೌಟಿಲ್ಯನ ಮಾತೇ ಇಲ್ಲಿ ಅಳತೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದಿದೆ ಎಂದರೂ ಸಲ್ಲುವುದು. ಆದರೆ ಜಗಳ ತೀರಿತೆಂದಲ್ಲ; ಸ್ಥಳ ಬದಲಾಯಿಸಿತು, ಅಷ್ಟೆ. ಅಳತೆ ಸರಿಯೇ, ಹೆಚ್ಚುವರಿ ಕೆಲಸಕ್ಕೆ ಅಪ್ಪಣೆ ಯಾರದು, ತಡವಾದುದು ಯಾರಿಂದ, ಹಿಡಿದಿಟ್ಟ ಹಣ ಎಂದು ಬರುವುದು, ಎಂಬ ಪ್ರಶ್ನೆಗಳು ಮುಂದೆ ಬಂದುವು.

ತಡವೆಂಬುದು ಬಡ ಕೆಲಸಗಾರನಿಗೆ ಏನು ಮಾಡುವುದೆಂಬುದಕ್ಕೆ 1965ರ ಡಿ ಅಂಡ್ ಸಿ ಬಿಲ್ಡರ್ಸ್ ಮತ್ತು ರೀಸ್ ಮೊಕದ್ದಮೆ ಒಳ್ಳೆಯ ನಿದರ್ಶನ. ಚಿಕ್ಕದೊಂದು ಕಟ್ಟಡಗಾರರ ಸಂಸ್ಥೆಗೆ 482 ಪೌಂಡು 13 ಷಿಲಿಂಗ್ 1 ಪೆನ್ನಿ ಬಾಕಿ ಬರಬೇಕಾಗಿತ್ತು. ತಿಂಗಳುಗಳು ಕಳೆದರೂ ಹಣವಿಲ್ಲ. ಅವರು ದಿವಾಳಿಯ ಅಂಚಿಗೆ ಬಂದಿದ್ದ ಸಮಯದಲ್ಲಿ, 300 ಪೌಂಡು ತೆಗೆದುಕೊಳ್ಳಿ, ಇಲ್ಲದಿದ್ದರೆ ಏನೂ ಇಲ್ಲ, ಎಂದು ಎದುರು ಪಕ್ಷದವರು ಹೇಳಿದರು. ಬೇರೆ ಗತಿ ಕಾಣದೆ ಅವರು ಚೆಕ್ಕನ್ನು ತೆಗೆದುಕೊಂಡು ಲೆಕ್ಕ ತೀರಿತೆಂದು ಬರೆದುಕೊಟ್ಟರು. ಆಮೇಲೆ ಉಳಿದ ಹಣಕ್ಕೆ ದಾವಾ ಹೂಡಿದರು, ಗೆದ್ದರು. ಒತ್ತಾಯದಿಂದ ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲವೆಂದು ಲಾರ್ಡ್ ಡೆನಿಂಗ್ ಹೇಳಿದರು. ನಮ್ಮ ದೇಶದ ಕಾನೂನು ಇಲ್ಲಿ ಸ್ವಲ್ಪ ಬೇರೆ. ಕರಾರು ಅಧಿನಿಯಮದ 63ನೆಯ ಕಲಮಿನಂತೆ, ಬರಬೇಕಾದುದಕ್ಕಿಂತ ಕಡಮೆ ಹಣವನ್ನು ಪೂರ್ಣ ಸಂದಾಯವೆಂದು ಒಪ್ಪಿಕೊಳ್ಳುವ ಅಧಿಕಾರ ಹಣ ಪಡೆಯುವವನಿಗುಂಟು. ಆದರೆ ಆ ಒಪ್ಪಿಗೆ ಸ್ವತಂತ್ರವಾದುದಾಗಿರಬೇಕು. ಬಲವಂತದಿಂದ ಬರೆಸಿಕೊಂಡ ಪೂರ್ಣ ಸಂದಾಯದ ರಸೀದಿಯು ಹಕ್ಕನ್ನು ಮುಗಿಸಲಾರದೆಂದು ನಮ್ಮ ಸುಪ್ರೀಂ ಕೋರ್ಟು 2008ರಲ್ಲಿ, ವಿಮೆಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ, ಹೇಳಿದೆ.

ಈಗ ನಮ್ಮ ಭಾಷಣದ ಮುಖ್ಯ ಮೊಕದ್ದಮೆಗೆ ಬರೋಣ. 1872ರ ಭಾರತ ಕರಾರು ಅಧಿನಿಯಮವನ್ನು ರಚಿಸಿದವರು ಅದರ 70ನೆಯ ಕಲಮಿನಲ್ಲಿ ಒಂದು ಸರಳವಾದ ಧರ್ಮವನ್ನು ಸೇರಿಸಿದರು. ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯವಾದ ರೀತಿಯಲ್ಲಿ ಏನನ್ನಾದರೂ ಮಾಡಿದರೆ, ಧರ್ಮಾರ್ಥವಾಗಿ ಮಾಡುವ ಉದ್ದೇಶ ಅವನಿಗಿಲ್ಲದಿದ್ದರೆ, ಆ ಇನ್ನೊಬ್ಬನು ಅದರ ಫಲವನ್ನು ಅನುಭವಿಸಿದರೆ, ಅನುಭವಿಸಿದವನು ಪ್ರತಿಫಲ ಕೊಡಬೇಕು, ಇಲ್ಲವೆ ವಸ್ತುವನ್ನು ಹಿಂದಿರುಗಿಸಬೇಕು. ಇಷ್ಟೇ ಅದರ ತಾತ್ಪರ್ಯ.

ಇದರ ಬಲವು ಪರೀಕ್ಷೆಗೆ ಬಂದುದು ಬಂಗಾಳದಲ್ಲಿ. 1943ರ ಘೋರ ಕ್ಷಾಮದ ಮರುವರ್ಷ ಹೂಗ್ಲಿ ಜಿಲ್ಲೆಯ ಆರಾಮಬಾಗಿನಲ್ಲಿ ಸರಕಾರದ ನಾಗರಿಕ ಸರಬರಾಜು ಇಲಾಖೆಗೆ ದಾಸ್ತಾನಿನ ಕಟ್ಟಡಗಳು ಬೇಕಾದುವು. ಬಿ. ಕೆ. ಮೊಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆದಾರರು ಮೊದಲು ಕೆಲವು ತಾತ್ಕಾಲಿಕ ಗೋದಾಮುಗಳನ್ನು ಕಟ್ಟಿಕೊಟ್ಟರು. ಆ ಹಣ ಸಂದಾಯವಾಯಿತು. ಆಮೇಲೆ ಅಧಿಕಾರಿಗಳ ಕೋರಿಕೆಯಂತೆ ಕಚ್ಚಾ ರಸ್ತೆ, ಕಾವಲು ಕೊಠಡಿ, ಕಚೇರಿ, ಅಡಿಗೆಮನೆ, ಗುಮಾಸ್ತರ ಕೊಠಡಿ, ಇವುಗಳನ್ನು ಕಟ್ಟಿದರು; ಅದರ ಬಿಲ್ಲು 2,322 ರೂಪಾಯಿ 8 ಆಣೆ. ಮತ್ತೆ ಕೆಲವು ದಾಸ್ತಾನು ಷೆಡ್ಡುಗಳನ್ನು ಕಟ್ಟಿದರು. ಅದರ ಬಿಲ್ಲು 17,003 ರೂಪಾಯಿ. ಕಟ್ಟಡಗಳನ್ನು ಸರಕಾರ ತೆಗೆದುಕೊಂಡಿತು. ಹಣವನ್ನು ಮಾತ್ರ ಕೊಡಲಿಲ್ಲ.

ದಾವಾ ನಡೆದಾಗ ಸರಕಾರದ ಪರವಾಗಿ ಬಂದ ಮುಖ್ಯ ವಾದ, ಕರಾರೇ ಇಲ್ಲ ಎಂಬುದು. 1935ರ ಭಾರತ ಸರಕಾರದ ಕಾಯಿದೆಯ 175ನೆಯ ಕಲಮಿನಂತೆ ಸರಕಾರದ ಕರಾರುಗಳು ಗವರ್ನರ ಹೆಸರಿನಲ್ಲಿ, ಅವರು ಅಧಿಕಾರ ಕೊಟ್ಟವರ ಮೂಲಕ, ಗೊತ್ತಾದ ಕ್ರಮದಲ್ಲಿ ಆಗಿರಬೇಕು. ಇಲ್ಲಿ ಆ ಕ್ರಮ ನಡೆದಿರಲಿಲ್ಲ. ಈ ವಾದವನ್ನು ನಾವು ಕೇವಲ ಕುಯುಕ್ತಿಯೆಂದು ತಳ್ಳಿಹಾಕಬಾರದು. ಸಾರ್ವಜನಿಕರ ಬೊಕ್ಕಸವನ್ನು ಯಾವ ಅಧಿಕಾರಿಯೂ ಬಾಯಿಮಾತಿನಿಂದ ಕಟ್ಟಿಹಾಕಕೂಡದೆಂಬುದೇ ಆ ನಿಯಮದ ಉದ್ದೇಶ. ಸ್ವತಂತ್ರ ಭಾರತದ ಸಂವಿಧಾನವೂ 299ನೆಯ ಅನುಚ್ಛೇದದಲ್ಲಿ ಅದನ್ನು ಉಳಿಸಿಕೊಂಡಿದೆ. ಆದರೆ ಬೊಕ್ಕಸವನ್ನು ಕಾಯುವುದಕ್ಕಾಗಿ ಇಟ್ಟ ಬೀಗವನ್ನೇ, ಪಡೆದ ವಸ್ತುವಿನ ಬೆಲೆಯನ್ನು ಕೊಡದಿರುವುದಕ್ಕೂ ಬಳಸಬಹುದೇ ಎಂಬುದು ಪ್ರಶ್ನೆ.

ಕಲ್ಕತ್ತೆಯ ಹೈಕೋರ್ಟು ಗುತ್ತಿಗೆದಾರರ ಪರವಾಗಿ ತೀರ್ಪುಕೊಟ್ಟಿತು. ಸರಕಾರದ ಅಪೀಲು ಸುಪ್ರೀಂ ಕೋರ್ಟಿಗೆ ಹೋಗಿ, 1961ರ ಡಿಸೆಂಬರ್ 5ರಂದು ವಜಾ ಆಯಿತು. ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದ ಗಜೇಂದ್ರಗಡಕರರ ವಿವೇಚನೆ ಹೀಗಿದ್ದಿತು: ಕರಾರು ಸಿಂಧುವಲ್ಲ, ನಿಜ, ಕರಾರಿನ ಮೇಲೆ ಹಣ ಕೇಳುವಂತಿಲ್ಲ. ಆದರೆ 70ನೆಯ ಕಲಮಿನ ಹಕ್ಕು ಕರಾರಿನಿಂದ ಹುಟ್ಟಿದುದಲ್ಲ. ಒಬ್ಬನು ಮಾಡಿದುದನ್ನು ಇನ್ನೊಬ್ಬನು ಸ್ವೀಕರಿಸಿ ಅನುಭವಿಸಿದುದರಿಂದ ಹುಟ್ಟಿದುದು. ಬೇಡವಾಗಿದ್ದರೆ ಸರಕಾರ ಆ ಕಟ್ಟಡಗಳನ್ನು ತೆಗೆದುಕೊಳ್ಳದೆ ಇರಬಹುದಾಗಿತ್ತು. ತೆಗೆದುಕೊಂಡ ಮೇಲೆ ಬೆಲೆ ಕೊಡತಕ್ಕದ್ದು.

ಕೇಳುಗರು ಗಮನಿಸಬೇಕು: ಸಂಪ್ಟರನು ಗೋಡೆಯ ಹಣವನ್ನು ಕಳೆದುಕೊಂಡುದಕ್ಕೂ ಮೊಂಡಲರು ಷೆಡ್ಡಿನ ಹಣವನ್ನು ಗೆದ್ದುದಕ್ಕೂ ಒಳಗಿನ ತತ್ತ್ವ ಬಹು ದೂರದ್ದಲ್ಲ. ಎರಡು ಕಡೆಯೂ ಕೇಳಿದ ಪ್ರಶ್ನೆ, ಬೇಡವೆನ್ನುವ ಸ್ವಾತಂತ್ರ್ಯವಿದ್ದಿತೇ ಎಂಬುದು. ಹೆಜಸನಿಗೆ ಅದು ಇರಲಿಲ್ಲ; ಬಂಗಾಳ ಸರಕಾರಕ್ಕೆ ಇದ್ದಿತು. ಹೀಗೆ 70ನೆಯ ಕಲಮು ಕೇಳದೆ ಮಾಡಿದ ಉಪಕಾರಕ್ಕೆಲ್ಲ ಬಿಲ್ಲು ಕಳಿಸುವ ಪರವಾನಿಗೆಯಲ್ಲ. ನಾವು ಊರಿನಲ್ಲಿಲ್ಲದಾಗ ಯಾರೋ ಬಂದು ನಮ್ಮ ಮನೆಗೆ ಸುಣ್ಣ ಬಳಿದು ಹಣ ಕೇಳಿದರೆ ನಾವು ಕೊಡಬೇಕಾಗಿಲ್ಲ.

ತತ್ತ್ವ ಗೆದ್ದಿತು, ಆದರೆ ಕಾಲದ ಲೆಕ್ಕವನ್ನೂ ಹಾಕಬೇಕಷ್ಟೆ. 1944ರ ಬಿಲ್ಲಿಗೆ 1961ರಲ್ಲಿ ಕಡೆಯ ಉತ್ತರ. 17 ವರ್ಷಗಳಲ್ಲಿ ಆಣೆಯ ನಾಣ್ಯವೇ ಚಲಾವಣೆಯ ಲೆಕ್ಕದಿಂದ ಹೋಗಿ ನಯಾಪೈಸೆ ಬಂದಿತ್ತು. ಗುತ್ತಿಗೆದಾರನು ಹೇಗೋ ತಾಳಿಯಾನು. ಅವನ ಕೈಕೆಳಗಿನ ಗಾರೆಯವನು, ಮಣ್ಣು ಹೊತ್ತವಳು ವಾರದ ಬಟವಾಡೆಯನ್ನು ನೆಚ್ಚಿ ಬದುಕುವವರು. ಮೇಲೆ ತಡೆದ ಹಣದ ಬಿಸಿ ಕಡೆಗೆ ಮುಟ್ಟುವುದು ಅವರ ಒಲೆಯನ್ನೇ. ಇದನ್ನರಿತು ಬ್ರಿಟನ್ನಿನವರು, ಸರ್ ಮೈಕೇಲ್ ಲೇಥಮರ 1994ರ ವರದಿಯ ತರುವಾಯ, 1996ರಲ್ಲಿ ಒಂದು ಶಾಸನ ಮಾಡಿದರು. 1998ರ ಮೇ 1ರಿಂದ ಅದು ಜಾರಿಗೆ ಬಂದಿತು. ಹಣದ ಜಗಳವನ್ನು ಮಧ್ಯಸ್ಥನೊಬ್ಬನು ಸಾಮಾನ್ಯವಾಗಿ 28 ದಿನಗಳಲ್ಲಿ ತೀರ್ಮಾನಿಸಬೇಕು. ಮೊದಲು ಹಣ ಕೊಟ್ಟು, ಆಮೇಲೆ ಬೇಕಾದರೆ ನ್ಯಾಯಸ್ಥಾನದಲ್ಲಿ ವಾದಿಸಬಹುದು. ನನಗೆ ಬಂದಾಗ ನಿನಗೆ ಕೊಡುತ್ತೇನೆಂಬ ಷರತ್ತು ಸಾಮಾನ್ಯವಾಗಿ ಊರ್ಜಿತವಲ್ಲ. ನಮ್ಮ ದೇಶದಲ್ಲಿಯೂ ಪಂಚಾಯಿತಿಯ ಮಾರ್ಗಕ್ಕೆ 1940ರಲ್ಲಿ ಒಂದು ಕಾಯಿದೆ, ಅದರ ಸ್ಥಾನದಲ್ಲಿ 1996ರಲ್ಲಿ ಇನ್ನೊಂದು ಕಾಯಿದೆ ಬಂದುವು. ಪಂಚರ ತೀರ್ಪಿಗೆ 12 ತಿಂಗಳ ಗಡುವನ್ನು 2015ರ ತಿದ್ದುಪಡಿಯು ಹಾಕಿತು.

ಚರಿತ್ರೆಯನ್ನು ಓದುವುದು ಹಳಬರ ತಪ್ಪನ್ನು ಎಣಿಸುವುದಕ್ಕಾಗಿ ಅಲ್ಲ. ಕೇಳುತ್ತಿರುವ ಮಹನೀಯರಲ್ಲಿ ಮನೆ ಕಟ್ಟಿಸಲು ಹೊರಟವರೂ ಇರಬಹುದು. ಗುದ್ದಲಿಪೂಜೆಯ ಮುಹೂರ್ತವನ್ನು ನೋಡುವ ದಿನವೇ, ಯಾವ ಹಂತಕ್ಕೆ ಎಷ್ಟು ಹಣ, ಅಳೆಯುವವರು ಯಾರು, ಹೆಚ್ಚಿನ ಕೆಲಸಕ್ಕೆ ಒಪ್ಪಿಗೆ ಹೇಗೆ, ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದರೆ, ನಾವು ಈಗ ಹೇಳಿದ ಮೊಕದ್ದಮೆಗಳಲ್ಲಿ ಅನೇಕವು ಹುಟ್ಟುತ್ತಲೇ ಇರಲಿಲ್ಲ. ಬೇಡವಾದ ಕೆಲಸವನ್ನು ಆಗಲೇ ಬೇಡವೆನ್ನಬೇಕು. ಬೇಕೆಂದು ತೆಗೆದುಕೊಂಡುದಕ್ಕೆ ತಡೆಯದೆ ಕೊಡಬೇಕು. ನ್ಯಾಯಸ್ಥಾನಗಳು ಬಹು ಕಾಲ ತೂಗಿ ನೋಡಿ ಹೇಳಿದ ಮಾತಿನ ಸಾರ ಇಷ್ಟೇ. ಗೃಹಪ್ರವೇಶದ ದಿನ ಬಾಗಿಲಿಗೆ ತೋರಣ ಕಟ್ಟುವಾಗ, ಆ ಬಾಗಿಲನ್ನು ನಿಲ್ಲಿಸಿದವನ ಲೆಕ್ಕ ತೀರಿದೆಯೇ ಎಂದು ಒಮ್ಮೆ ಕೇಳಿಕೊಂಡರೆ, ಆ ಮನೆಗೆ ಅದೂ ಒಂದು ಮಂಗಳಕಾರ್ಯವೆಂದೇ ನಾವು ತಿಳಿಯುತ್ತೇವೆ.